‘ಲಂಡನ್ ಬಿತ್ತು’ ಅಂದರೆ ನಾಪೋಕ್ಲಿನ ಕಾಫಿಗೆ ಯಾಕೆ ದರ ಇಳಿಯುತ್ತದೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಆರು ಎಕರೆ ತೋಟ. ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರಲು ಹೋದಾಗಲೆಲ್ಲ ವ್ಯಾಪಾರಿ ‘ಇವತ್ತು ಲಂಡನ್ ಬಿದ್ದಿದೆ’ ಅಂತ ದರ ಇಳಿಸುತ್ತಾರೆ. ನಮ್ಮ ಕಣದಲ್ಲಿ ಒಣಗಿದ ಕಾಫಿಗೂ ಲಂಡನ್ನಿಗೂ ಏನು ಸಂಬಂಧ? ನನ್ನ ತಂದೆ, ‘ಕಾಫಿ ಬೋರ್ಡಿಗೆ ಕೊಡುತ್ತಿದ್ದ ಕಾಲವೇ ಚೆನ್ನಾಗಿತ್ತು, ಜಾಗತೀಕರಣ ಬಂದು ಎಲ್ಲ ಹಾಳಾಯಿತು’ ಅನ್ನುತ್ತಾರೆ. ಡಿಗ್ರಿ ಓದುವ ಮಗಳ ಪುಸ್ತಕದಲ್ಲಿ ಜಾಗತೀಕರಣದಿಂದ ಎಲ್ಲ ದೇಶಗಳಿಗೂ ಲಾಭ ಅಂತ ಇದೆ. ನಮ್ಮಂಥವರಿಗೆ ಇದರಿಂದ ಲಾಭವೋ ನಷ್ಟವೋ? ಕೊನೆಗೆ ಇನ್ನೊಂದು: ಫಸಲು ಇಟ್ಟುಕೊಳ್ಳಲೇ, ಕೊಟ್ಟುಬಿಡಲೇ?

ಉತ್ತರ: ಲಂಡನ್ನಿನಿಂದಲೇ ಶುರು ಮಾಡೋಣ. ಆ ಗಂಟು ಬಿಚ್ಚಿಕೊಂಡರೆ ನಿಮ್ಮ ತಂದೆಯವರ ಮಾತು, ಮಗಳ ಪುಸ್ತಕ ಎರಡನ್ನೂ ಎಲ್ಲಿಟ್ಟು ನೋಡಬೇಕು ಅನ್ನುವುದು ಗೊತ್ತಾಗುತ್ತದೆ.

ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಶೇ 70ರಷ್ಟು ಕರ್ನಾಟಕದ್ದು, ಕರ್ನಾಟಕದೊಳಗೆ ಹೆಚ್ಚಿನ ಪಾಲು ಕೊಡಗಿನದು. ದೇಶದ ಕಾಫಿಯಲ್ಲಿ ಸರಿಸುಮಾರು ಮೂರನೇ ಎರಡು ಭಾಗ ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾ ದೊಡ್ಡ ಗಿರಾಕಿಗಳು. ಮಾಲಿನ ಬಹುಪಾಲು ಹೊರಗೆ ಹೋಗುವಾಗ ಒಳಗಿನ ದರವನ್ನೂ ಹೊರಗಿನ ಗಿರಾಕಿಯೇ ಕಟ್ಟುತ್ತಾನೆ. ಆ ಗಿರಾಕಿಗೆ ನಾವೊಬ್ಬರೇ ಗತಿಯಲ್ಲ. ಜಗತ್ತಿನ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬ್ರೆಜಿಲಿನದು, ಎರಡನೇ ಸ್ಥಾನ ವಿಯೆಟ್ನಾಮಿನದು, ಅದೂ ಬಹುತೇಕ ರೊಬಸ್ಟಾ. ನಮ್ಮ ಇಡೀ ದೇಶದ ಪಾಲು ಶೇ 3ರಿಂದ 4ರ ಒಳಗೆ. ಇಷ್ಟು ಸಣ್ಣ ಪಾಲಿನವರು ದರ ಹೇಳುವ ಸ್ಥಾನದಲ್ಲಿ ಇರುವುದಿಲ್ಲ, ಬಂದ ದರವನ್ನು ಒಪ್ಪಿಕೊಳ್ಳುವ ಸ್ಥಾನದಲ್ಲಿ ಇರುತ್ತಾರೆ. ಅರ್ಥಶಾಸ್ತ್ರದಲ್ಲಿ ಹೀಗಿರುವವರನ್ನು ಬೆಲೆ ಸ್ವೀಕರಿಸುವವರು ಅನ್ನುತ್ತಾರೆ. ಜಾಗತಿಕ ಅರ್ಥವ್ಯವಸ್ಥೆಯ ಬಗ್ಗೆ ನೀವು ತಿಳಿಯಬೇಕಾದ ಮೊದಲ ಪಾಠ ಇದು, ಬೇಸರದ್ದಾದರೂ.

ಲಂಡನ್ನಿನಲ್ಲಿ ಯಾರೂ ಕಾಫಿ ಮೂಟೆ ಹೊತ್ತು ತಂದು ಸಂತೆ ಮಾಡುವುದಿಲ್ಲ. ಅಲ್ಲಿರುವುದು ಮುಂಗಡ ವ್ಯಾಪಾರದ ವಿನಿಮಯ ಕೇಂದ್ರ, ಫ್ಯೂಚರ್ಸ್ ಮಾರುಕಟ್ಟೆ. ಮೂರು ತಿಂಗಳೋ ಆರು ತಿಂಗಳೋ ಕಳೆದ ಮೇಲೆ ಕೊಡಬೇಕಾದ ರೊಬಸ್ಟಾಕ್ಕೆ ಇವತ್ತೇ ದರ ಗೊತ್ತುಮಾಡುವ ಕರಾರು ಅಲ್ಲಿ ಕೈ ಬದಲಾಗುತ್ತದೆ. ಒಂದು ಕರಾರಿಗೆ 10 ಟನ್, ಬೆಲೆ ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾಕ್ಕೆ ಇದೇ ಕೆಲಸ ನ್ಯೂಯಾರ್ಕಿನಲ್ಲಿ ನಡೆಯುತ್ತದೆ. ಹುರಿದು ಮಾರುವ ದೊಡ್ಡ ಕಂಪನಿಗಳು, ರಫ್ತುದಾರರು ತಮ್ಮ ನಷ್ಟದ ಭಯ ತಗ್ಗಿಸಿಕೊಳ್ಳಲು ಅಲ್ಲಿಗೆ ಬರುತ್ತಾರೆ. ಕಾಫಿಯ ವಾಸನೆಯೂ ಬೇಡದ ಹಣದ ಫಂಡುಗಳು ಏರಿಳಿತದಲ್ಲಿ ದುಡಿಯಲು ಬರುತ್ತವೆ. ‘ಈ ಜೂಜಿನವರಿಂದಲೇ ದರ ಕೆಡುವುದು’ ಅನ್ನುವ ಮಾತು ಗೋಣಿಕೊಪ್ಪದಲ್ಲಿ, ಸಿದ್ದಾಪುರದಲ್ಲಿ ಬಹಳ ಕೇಳಿಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ನಿಜ. ಒಂದು ವಾರದ, ಒಂದು ತಿಂಗಳ ಕುಣಿತವನ್ನು ಅವರು ದೊಡ್ಡದು ಮಾಡುತ್ತಾರೆ. ಎರಡು ಮೂರು ವರ್ಷದ ದಿಕ್ಕನ್ನು ಮಾತ್ರ ಗಿಡದ ಮೇಲಿನ ಫಸಲು ಮತ್ತು ಗೋದಾಮಿನ ದಾಸ್ತಾನೇ ನಿರ್ಧರಿಸುತ್ತವೆ.

ಲಂಡನ್ನಿನ ದರ ನಿಮ್ಮ ಮೂಟೆಗೆ ಹೇಗೆ ಇಳಿದು ಬರುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡಿ. ಉದಾಹರಣೆಗೆ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಅಂದುಕೊಳ್ಳಿ. ಟನ್ನಿಗೆ 3,40,000 ರೂಪಾಯಿ, ಅಂದರೆ ಕೆಜಿ ಕ್ಲೀನ್ ಕಾಫಿಗೆ, ಸಿಪ್ಪೆ ತೆಗೆದ ಬೀಜಕ್ಕೆ, 340. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು), ಲಾರಿ, ಬಂದರಿನ ಖರ್ಚು, ವ್ಯಾಪಾರಿ ಮತ್ತು ರಫ್ತುದಾರರ ಉಳಿಕೆ ಸೇರಿ 20 ರೂಪಾಯಿ ಕಳೆದರು ಅನ್ನೋಣ, 320 ಉಳಿಯಿತು. ನಿಮ್ಮ 50 ಕೆಜಿ ಚೆರ್ರಿ ಮೂಟೆಯ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಬೀಜದ ತೂಕ, 26 ಬಂದರೆ 26 ಕೆಜಿ ಕ್ಲೀನ್ ಕಾಫಿ, ಬೆಲೆ 8,320 ರೂಪಾಯಿ. ಈಗ ಲಂಡನ್ ಅಲ್ಲಾಡದೆ ಹಾಗೇ ಇರಲಿ, ಡಾಲರ್ ಮಾತ್ರ 90 ಆಗಲಿ. ಕೆಜಿಗೆ 20 ರೂಪಾಯಿ ಹೆಚ್ಚಾಗಿ ಅದೇ ಮೂಟೆ 8,840 ಆಗುತ್ತದೆ. ಹಾಗಾಗಿ ‘ಲಂಡನ್ ಬಿದ್ದಿದೆ’ ಅನ್ನುವ ವ್ಯಾಪಾರಿಯನ್ನು ಒಂದು ಮಾತು ಕೇಳಿ: ಡಾಲರ್ ಎಷ್ಟಿದೆ? ಎಷ್ಟೋ ಸಲ ಅಲ್ಲಿ ಇಳಿದದ್ದನ್ನು ರೂಪಾಯಿಯ ಇಳಿತ ಇಲ್ಲಿ ತುಂಬಿಕೊಟ್ಟಿರುತ್ತದೆ. ಔಟ್‌ಟರ್ನ್ ಎಷ್ಟು ಕಟ್ಟಿದರು ಅನ್ನುವುದನ್ನೂ ಕೇಳಿ. ಲಂಡನ್ನು ನಿಮ್ಮ ಕೈಯಲ್ಲಿಲ್ಲ, ಆದರೆ ಹಸಿರು ಕಾಯಿ ಬೆರೆಸದೆ ಹಣ್ಣು ಕುಯ್ಲು ಮಾಡಿ ಸರಿಯಾಗಿ ಒಣಗಿಸಿದರೆ ಸಿಗುವ ಒಂದು ಎರಡು ಕೆಜಿ ಔಟ್‌ಟರ್ನ್ ನಿಮ್ಮ ಕೈಯಲ್ಲೇ ಇದೆ.

ಜಾಗತೀಕರಣದಲ್ಲಿ ದೇಶದಿಂದ ದೇಶಕ್ಕೆ ಸರಕು ಮಾತ್ರ ಹರಿಯುವುದಿಲ್ಲ. ಹಣ ಹರಿಯುತ್ತದೆ, ಜನ ಹೋಗುತ್ತಾರೆ, ಒಂದು ಕಡೆ ಮಾಡಿದ ಕಾನೂನು ಇನ್ನೊಂದು ಕಡೆ ಜಾರಿಯಾಗುತ್ತದೆ. ಪಠ್ಯಪುಸ್ತಕಗಳು ಸರಕಿನ ವಿಷಯವನ್ನೇ ಹೆಚ್ಚು ಹೇಳುವುದರಿಂದ ಉಳಿದವು ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ತೋಟದಲ್ಲಿ ಅವೆಲ್ಲ ಇವೆ. ನೀವು ಹಾಕುವ ಪೊಟ್ಯಾಷ್ ಪೂರ್ತಿ ಹೊರಗಿನಿಂದ ಬರುವ ಗೊಬ್ಬರ. ಕೆನಡಾ, ರಷ್ಯಾ, ಬೆಲಾರೂಸ್ ಅದರ ದೊಡ್ಡ ಉತ್ಪಾದಕರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ವರ್ಷ 50 ಕೆಜಿ ಚೀಲ 1,700 ರೂಪಾಯಿ ಮುಟ್ಟಿದ್ದು ನಿಮಗೆ ನೆನಪಿರಬಹುದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ, ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣ ತುದಿ ಸುತ್ತಿಕೊಂಡು ಹೋಗಬೇಕಾಯಿತು. ಹಾಗೆ ಹೆಚ್ಚಿದ ಹಡಗು ಬಾಡಿಗೆಯ ಒಂದು ತುಂಡು ಮಂಗಳೂರು, ಕೊಚ್ಚಿ ಬಂದರಿನಿಂದ ಹಿಂದಕ್ಕೆ ಬಂದು ಬೆಳೆಗಾರನ ದರದಲ್ಲೂ ಕಳೆಯಿತು. ಕುಯ್ಲಿಗೆ ಲೈನ್‌ಮನೆಗೆ ಬಂದು ಇಳಿಯುವ ಅಸ್ಸಾಂ ಕಡೆಯವರು ದೇಶದೊಳಗಿನವರೇ ಆದರೂ ಅವರನ್ನು ಇಲ್ಲಿಯವರೆಗೆ ತಂದದ್ದು ಅದೇ ಎಳೆತ: ಕೂಲಿ ಎಲ್ಲಿ ಹೆಚ್ಚೋ ಅಲ್ಲಿಗೆ ಜನ.

ಈ ಜಾಗತೀಕರಣ, ದೇಶ ಆರ್ಥಿಕ ಬಾಗಿಲು ತೆರೆದ 1991ರಲ್ಲಿ ಕೊಡಗಿಗೆ ಬಂದದ್ದೂ ಅಲ್ಲ. ಅರೇಬಿಕಾ ಇಥಿಯೋಪಿಯಾದ ಗಿಡ, ರೊಬಸ್ಟಾ ಮಧ್ಯ ಆಫ್ರಿಕಾದ್ದು, ನೆರಳಿಗೆ ನೆಟ್ಟ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. ಇಪ್ಪತ್ತು ವರ್ಷ ಕಳೆದು 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದಿತು. ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ನುಂಗಿ, ಅವರನ್ನು ಚಹಾಕ್ಕೆ ತಿರುಗಿಸಿತು. ಅದೇ ರೋಗ ಇಲ್ಲಿಗೂ ಬಂತು, ಕಾಂಡಕೊರಕವೂ ಸೇರಿಕೊಂಡಿತು, ರೋಗ ತಾಳುವ ರೊಬಸ್ಟಾಕ್ಕೆ ಜಾಗ ಸಿಕ್ಕಿದ್ದು ಹಾಗೆ. ಇದಕ್ಕೆಲ್ಲ ತದ್ವಿರುದ್ಧ ಕರಿಮೆಣಸು. ಅದು ನಮ್ಮ ಪಶ್ಚಿಮ ಘಟ್ಟದ್ದೇ ಬಳ್ಳಿ, ಇಲ್ಲಿಂದ ಜಗತ್ತಿಗೆ ಹೋಗಿ ಈಗ ವಿಯೆಟ್ನಾಮನ್ನು ಅದರ ಅತಿ ದೊಡ್ಡ ಬೆಳೆಗಾರ ದೇಶ ಮಾಡಿದೆ.

ಈಗ ನಿಮ್ಮ ತಂದೆಯವರ ಮಾತು. ಅವರ ನೆನಪನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಯಾಕೆಂದರೆ ಬೋರ್ಡಿನ ಪೂಲ್ ವ್ಯವಸ್ಥೆ ಸಣ್ಣ ಬೆಳೆಗಾರನಿಗೆ ನಿದ್ದೆ ಕೊಟ್ಟಿದ್ದು ನಿಜ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿ ಕೊಳ್ಳುವವರೇ ಇಲ್ಲದಾದಾಗ, 1942ರ ಕಾಯ್ದೆಯ ಅಡಿಯಲ್ಲಿ ಎಲ್ಲರ ಕಾಫಿಯನ್ನೂ ಒಂದೇ ಕಡೆ ಕೂಡಿಸಿ ಬೋರ್ಡ್ ಮಾರುವ ಪದ್ಧತಿ ಗಟ್ಟಿಯಾಯಿತು. ಬೆಳೆಗಾರ ತನ್ನ ಕಾಫಿಯನ್ನು ಹೊರಗೆ ಮಾರುವ ಹಾಗಿರಲಿಲ್ಲ. ದುಡ್ಡು ಕಂತಿನಲ್ಲಿ ಬರುತ್ತಿತ್ತು, ಕೊನೆಯ ಕಂತು ಕೈಸೇರುವಾಗ ಮುಂದಿನ ಫಸಲು ಬಂದಿರುತ್ತಿತ್ತು. ತಡವಾದರೂ ಬರುತ್ತದೆ ಅನ್ನುವ ಭರವಸೆ ಇತ್ತು.

ಆ ಭರವಸೆಗೆ ಆಧಾರ ಎಲ್ಲಿತ್ತು ಅನ್ನುವುದನ್ನು ನೋಡಿದರೆ ಕಥೆ ಬೇರೆಯಾಗುತ್ತದೆ. 1962ರಲ್ಲಿ ಕಾಫಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡವು. ಯಾವ ದೇಶ ಎಷ್ಟು ರಫ್ತು ಮಾಡಬಹುದು ಅಂತ ಕೋಟಾ ಕಟ್ಟಿ ದರ ಬೀಳದಂತೆ ನೋಡಿಕೊಳ್ಳುವ ಏರ್ಪಾಡು. ಬಡ ದೇಶಗಳಲ್ಲಿ ದರ ಕುಸಿದರೆ ಕಮ್ಯುನಿಸಂ ಬೆಳೆದೀತು ಅನ್ನುವ ಅಮೆರಿಕದ ಅಂಜಿಕೆಯೂ ಅದರ ಹಿಂದೆ ಇತ್ತು. ಇನ್ನೊಂದು ಕಡೆ ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲೇ ನಮ್ಮ ಕಾಫಿ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿತ್ತು. ಬೋರ್ಡಿನ ಪೂಲ್ ಈ ಎರಡು ಕಂಬಗಳ ಮೇಲೆ ನಿಂತಿತ್ತು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಕೆಲವೇ ತಿಂಗಳಲ್ಲಿ ಜಾಗತಿಕ ದರ ಅರ್ಧದ ಹತ್ತಿರಕ್ಕೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ವಿನಿಮಯ ಉಳಿದಿತ್ತು, ಚಿನ್ನ ಅಡವಿಟ್ಟಿದ್ದೂ ರೂಪಾಯಿಯ ಬೆಲೆ ಇಳಿಸಿದ್ದೂ ಆಗಲೇ. ಪಿ.ವಿ. ನರಸಿಂಹರಾವ್ ಪ್ರಧಾನಿಯಾಗಿ, ಮನಮೋಹನ್ ಸಿಂಗ್ ಹಣಕಾಸು ಸಚಿವರಾಗಿ ಬಾಗಿಲು ತೆರೆದರು. ಪೂಲ್ 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮುಗಿದುಹೋಯಿತು. ಪೂಲ್ ಹುಟ್ಟಿದ್ದೂ ಜಗತ್ತಿನ ಹೊಡೆತದಿಂದ, ಹೋದದ್ದೂ ಜಗತ್ತಿನ ಹೊಡೆತದಿಂದ.

ಆಮೇಲೆ ನಡೆದದ್ದು ಕೊಡಗಿನ ಜನರ ಮನಸ್ಸಿನಲ್ಲಿ ಎರಡು ತಪ್ಪು ಪಾಠ ಕೂರಿಸಿತು ಅಂತ ನನಗೆ ಅನಿಸುತ್ತದೆ. 1994ರ ಜೂನ್, ಜುಲೈನಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಎರಡು ಸಲ ಗಿಡ ಸುಡುವ ಹಿಮ (ಹೆಪ್ಪುಗಟ್ಟಿದ ಇಬ್ಬನಿ, ಫ್ರಾಸ್ಟ್) ಬಿದ್ದು ಜಗತ್ತಿನ ದರ ಹಾರಿತು. ಇಲ್ಲಿ ಮುಕ್ತ ಮಾರಾಟ ಆಗತಾನೆ ತೆರೆದುಕೊಳ್ಳುತ್ತಿತ್ತು. ಜೀಪು ಬಂತು, ಮನೆ ಎದ್ದಿತು, ಮಕ್ಕಳು ಬೆಂಗಳೂರಿಗೆ ಓದಲು ಹೋದರು. ‘ಬೋರ್ಡ್ ಬಿಟ್ಟದ್ದೇ ಒಳ್ಳೆಯದಾಯಿತು’ ಅಂದರು. ಅಷ್ಟರಲ್ಲಿ ವಿಯೆಟ್ನಾಂ, 1986ರಲ್ಲಿ ತನ್ನ ಅರ್ಥವ್ಯವಸ್ಥೆಯನ್ನು ತೆರೆದ ಮೇಲೆ, ತನ್ನ ಮಧ್ಯದ ಎತ್ತರದ ಪ್ರದೇಶಗಳಲ್ಲಿ ರೊಬಸ್ಟಾ ನೆಡುತ್ತಲೇ ಇತ್ತು. 1990ರಲ್ಲಿ ಲೆಕ್ಕಕ್ಕೆ ಬಾರದಿದ್ದ ದೇಶ 2000ದ ಹೊತ್ತಿಗೆ ಜಗತ್ತಿನ ಎರಡನೇ ದೊಡ್ಡ ಕಾಫಿ ದೇಶವಾಯಿತು. 2001ರ ಕೊನೆಗೆ ಲಂಡನ್ನಿನ ರೊಬಸ್ಟಾ ಟನ್ನಿಗೆ 400 ಡಾಲರ್‌ಗಿಂತ ಕೆಳಗೆ ಹೋಯಿತು. ಆಗಿನ ಡಾಲರಿಗೆ 47 ರೂಪಾಯಿ ಅಂದರೂ ಯಾವ ಖರ್ಚನ್ನೂ ಕಳೆಯುವ ಮುಂಚೆಯೇ ಕೆಜಿಗೆ 19 ರೂಪಾಯಿ. ಕುಯ್ಲಿನ ಕೂಲಿ ಹುಟ್ಟದ ದರ. ಸಾಲ ಬೆಳೆಯಿತು, ತೋಟಗಳು ಕೈ ಬದಲಾದವು. ಆಗ ಅದೇ ಜನ ‘ಬೋರ್ಡ್ ಬಿಟ್ಟದ್ದೇ ಹಾಳಾಯಿತು’ ಅಂದರು. ಏರಿಸಿದ್ದು ಬ್ರೆಜಿಲಿನ ಹಿಮ, ಬೀಳಿಸಿದ್ದು ವಿಯೆಟ್ನಾಮಿನ ಫಸಲು. ಪೂಲ್ ಉಳಿದಿದ್ದರೂ ಎರಡೂ ಆಗುತ್ತಿದ್ದವು. ಪೂಲ್ ಇದ್ದಿದ್ದರೆ ಏರಿಕೆಯ ಲಾಭ ಇಷ್ಟು ಬೇಗ ಕೈಗೆ ಬರುತ್ತಿರಲಿಲ್ಲ, ಇಳಿತದ ನೋವು ಒಬ್ಬೊಬ್ಬರ ಮೇಲೆ ಹೀಗೆ ಒಂಟಿಯಾಗಿ ಬೀಳುತ್ತಿರಲಿಲ್ಲ. ಮುಕ್ತ ಮಾರುಕಟ್ಟೆ ನಿಮಗೆ ದರದ ಜೊತೆಗೆ ಅಪಾಯವನ್ನೂ ಒಪ್ಪಿಸಿತು. ಮೊದಲು ಆ ಅಪಾಯ ಪೂಲಿನಲ್ಲಿ ಎಲ್ಲರಿಗೂ ಹಂಚಿಹೋಗುತ್ತಿತ್ತು. ನಿಮ್ಮ ತಂದೆಯವರು ಕಳೆದುಕೊಂಡದ್ದು ಅದನ್ನೇ, ಅವರ ದುಃಖಕ್ಕೆ ಕಾರಣವಿದೆ.

ಈ ಏರಿಳಿತ ಯಾಕೆ ಇಷ್ಟು ಹುಚ್ಚಾಗಿರುತ್ತದೆ ಅಂದರೆ ಕಾಫಿ ಗಿಡದ ಸ್ವಭಾವದಿಂದ. ದರ ಏರಿದ ವರ್ಷ ಎಲ್ಲ ದೇಶಗಳಲ್ಲೂ ಗಿಡ ನೆಡುತ್ತಾರೆ, ಸರಿಯಾದ ಫಸಲು ಬರಲು ಮೂರು ನಾಲ್ಕು ವರ್ಷ ಬೇಕು. ಎಲ್ಲರ ಫಸಲೂ ಒಟ್ಟಿಗೆ ಬಂದು ದರ ಬೀಳುತ್ತದೆ. ಬಿದ್ದಮೇಲೂ ಯಾರೂ ಗಿಡ ಕೀಳುವುದಿಲ್ಲ, ಗೊಬ್ಬರ ಮಾತ್ರ ಕಡಿಮೆ ಮಾಡುತ್ತಾರೆ. ಹಾಗಾಗಿ ಕೆಟ್ಟ ಕಾಲ ಉದ್ದವಾಗಿರುತ್ತದೆ, ಒಳ್ಳೆಯ ಕಾಲ ಗಿಡ್ಡ. 2024ರಲ್ಲಿ ವಿಯೆಟ್ನಾಮಿನ ಬರ, ಬ್ರೆಜಿಲಿನ ಒಣಹವೆ ಸೇರಿ ಲಂಡನ್ 5,000 ಡಾಲರ್ ದಾಟಿದಾಗ ಗದ್ದೆಗೂ ಕಾಫಿ ಇಟ್ಟವರಿದ್ದಾರೆ. ಅವರ ಗಿಡ ಫಲ ಕೊಡುವ ಹೊತ್ತಿಗೆ ಉಗಾಂಡಾ, ವಿಯೆಟ್ನಾಂ, ಬ್ರೆಜಿಲಿನಲ್ಲಿ ಅದೇ ವರ್ಷ ನೆಟ್ಟ ಗಿಡಗಳೂ ಫಲ ಕೊಡುತ್ತಿರುತ್ತವೆ.

ಗದ್ದೆಯ ಮಾತು ಬಂದದ್ದರಿಂದ ನಿಮ್ಮ ಮಗಳ ಪುಸ್ತಕಕ್ಕೆ ಬರುತ್ತೇನೆ. ‘ಎಲ್ಲ ದೇಶಗಳಿಗೂ ಲಾಭ’ ಅನ್ನುವುದರ ಬೇರು 1817ರಲ್ಲಿ ಡೇವಿಡ್ ರಿಕಾರ್ಡೊ ಹೇಳಿದ ತುಲನಾತ್ಮಕ ಅನುಕೂಲದ ತತ್ವ. ಪೋರ್ಚುಗಲ್ ದ್ರಾಕ್ಷಾರಸವನ್ನೂ ಬಟ್ಟೆಯನ್ನೂ ಇಂಗ್ಲೆಂಡಿಗಿಂತ ಅಗ್ಗವಾಗಿ ಮಾಡಬಲ್ಲದಾದರೂ, ತನಗೆ ಹೆಚ್ಚು ಸಲೀಸಾದ ದ್ರಾಕ್ಷಾರಸಕ್ಕೆ ಕೈಹಾಕಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತಂದುಕೊಂಡರೆ ಇಬ್ಬರಿಗೂ ಒಳಿತು ಅಂತ ಅವನ ಲೆಕ್ಕ. ಲೆಕ್ಕ ಸರಿಯಾಗಿದೆ. ಕೊಡಗಿನಲ್ಲೇ ನೋಡಿ: ಆಳಿನ ಕೂಲಿ ಕೊಟ್ಟು ಗದ್ದೆ ನಾಟಿ ಮಾಡುವುದಕ್ಕಿಂತ ಅದೇ ಆಳನ್ನು ತೋಟಕ್ಕೆ ಹಾಕಿ, ಅಕ್ಕಿಯನ್ನು ಅಂಗಡಿಯಿಂದ ತಂದರೆ ಕೈಯಲ್ಲಿ ಹೆಚ್ಚು ಉಳಿಯುತ್ತದೆ. ಯಾರೂ ರಿಕಾರ್ಡೊ ಓದದೆ ಗದ್ದೆ ಪಾಳು ಬಿಟ್ಟರು. ಅವನ ಲೆಕ್ಕದಲ್ಲಿ ಬಾರದ ಸಂಗತಿಗಳೂ ಇವೆ. ಗದ್ದೆಯಲ್ಲಿ ನಿಂತ ನೀರು ಇಂಗಿ ಬಾವಿಗೆ, ತೋಡಿಗೆ ಹೋಗುತ್ತಿತ್ತು, ಅದಕ್ಕೆ ಯಾರೂ ದರ ಕಟ್ಟಿರಲಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ಕದಿರು ತೆಗೆಯಲು ನೆರೆಯವರ ಗದ್ದೆಗೆ ಹೋಗುವ ಮನೆಗಳು ಈಗ ಎಷ್ಟಿವೆ ಅನ್ನುವುದು ನಿಮಗೇ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ದೇಶಕ್ಕೆ ಒಟ್ಟು ಲಾಭವಾಗುತ್ತದೆ ಅಂತ ಆ ತತ್ವ ಹೇಳುತ್ತದೆಯೇ ಹೊರತು ಆ ಲಾಭ ಯಾರಿಗೆ ಸೇರುತ್ತದೆ ಅಂತ ಹೇಳುವುದಿಲ್ಲ. ಮಗಳ ಪರೀಕ್ಷೆಗೆ ಪುಸ್ತಕದ ಉತ್ತರ ಸಾಕು. ನಿಮ್ಮ ತೋಟಕ್ಕೆ ಸಾಲದು.

ಅದಕ್ಕೇ ಲಾಭವೋ ನಷ್ಟವೋ ಅನ್ನುವ ಪ್ರಶ್ನೆಯನ್ನು ನಾನು ಒಡೆದು ಕೇಳಿಕೊಳ್ಳುತ್ತೇನೆ: ಯಾವ ಬೆಳೆಗೆ? ನಿಮ್ಮ ಒಂದೇ ತೋಟದಲ್ಲಿ, ಒಂದೇ ಮರದ ಬುಡದಲ್ಲಿ, ಎರಡು ವಿರುದ್ಧ ಹಿತಗಳಿವೆ. ಕಾಫಿ ಹೊರಗೆ ಹೋಗುವ ಬೆಳೆ, ಅದಕ್ಕೆ ದೇಶ ದೇಶಗಳ ಬಾಗಿಲು ತೆರೆದಿದ್ದಷ್ಟು ಒಳ್ಳೆಯದು. ಕರಿಮೆಣಸಿನ ಬಹುಪಾಲು ನಮ್ಮ ದೇಶದ ಅಡುಗೆಮನೆಯಲ್ಲೇ ಮುಗಿಯುತ್ತದೆ, ಅದಕ್ಕೆ ನಮ್ಮ ಬಾಗಿಲು ಮುಚ್ಚಿದ್ದಷ್ಟು ಒಳ್ಳೆಯದು. ಬೆಳಿಗ್ಗೆ ಕಾಫಿ ಮಾರುವಾಗ ನೀವು ಮುಕ್ತ ವ್ಯಾಪಾರದವರು, ಸಂಜೆ ಮೆಣಸು ಮಾರುವಾಗ ರಕ್ಷಣೆಯವರು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಮೆರಿಕವೂ ಯುರೋಪೂ ಇದನ್ನೇ ಮಾಡುತ್ತವೆ.

ಮೆಣಸಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಗತಿಕ ವ್ಯಾಪಾರದ ನಿಯಮ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಇದರಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆ 1995ರ ಜನವರಿ 1ರಂದು ಶುರುವಾಯಿತು. ಅದರ ನಿಯಮದಂತೆ ಆಮದನ್ನು ಸಾರಾಸಗಟಾಗಿ ತಡೆಯುವ ಪ್ರಮಾಣ ನಿರ್ಬಂಧಗಳನ್ನು ಭಾರತ 2001ರ ಏಪ್ರಿಲ್ ಹೊತ್ತಿಗೆ ಕೈಬಿಟ್ಟಿತು. ಉಳಿದದ್ದು ಸುಂಕ. ಮೆಣಸಿಗೆ ಸಾಮಾನ್ಯ ಆಮದು ಸುಂಕ ಶೇ 70. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆ 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಮೆಣಸು, ಕಾಫಿ, ಚಹಾವನ್ನು ವಿಶೇಷ ಪಟ್ಟಿಗೆ ಸೇರಿಸಿ ಸುಂಕವನ್ನು ನಿಧಾನವಾಗಿ ಇಳಿಸಲಾಯಿತು, ಮೆಣಸಿಗೆ ಕೊನೆಗೆ ಶೇ 50. ವಿಯೆಟ್ನಾಮಿನ ಮೆಣಸು ನೇರವಾಗಿ ಬಂದರೆ ಈ ಸುಂಕ ಕಟ್ಟಬೇಕು. ಶ್ರೀಲಂಕಾದ ಜೊತೆ ಮಾತ್ರ 2000ದಿಂದಲೇ ಬೇರೆ ಒಪ್ಪಂದ ಇದೆ. ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಸಾರ್ಕ್ ದೇಶಗಳ ಒಪ್ಪಂದದಲ್ಲಿ ಶೇ 8 ಸುಂಕದಲ್ಲಿ ಇನ್ನಷ್ಟು ಬರಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಯಿತು. ವಿಯೆಟ್ನಾಮಿನ ಮೆಣಸು ಕೊಲಂಬೊ ಮುಟ್ಟಿ ಶ್ರೀಲಂಕಾದ ಮೆಣಸು ಎಂಬ ಪ್ರಮಾಣಪತ್ರದೊಂದಿಗೆ ಇಲ್ಲಿ ಇಳಿಯುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಸರಕು ನಿಜವಾಗಿ ಯಾವ ದೇಶದ್ದು ಅಂತ ತೀರ್ಮಾನಿಸುವ, ಆ ಕಾಗದಕ್ಕೆ ಆಧಾರವಾದ ನಿಯಮಕ್ಕೆ ಮೂಲದ ನಿಯಮ ಅನ್ನುತ್ತಾರೆ. ಒಪ್ಪಂದದ ಜೀವ ಇರುವುದು ಅಲ್ಲಿ, ಮೋಸಕ್ಕೆ ದಾರಿ ಇರುವುದೂ ಅಲ್ಲೇ.

2015ರ ಸುಮಾರಿಗೆ ಕೆಜಿಗೆ 600, 700 ಇದ್ದ ಮೆಣಸು 2018, 19ರ ಹೊತ್ತಿಗೆ 300, 400ಕ್ಕೆ ಬಂತು. ವಿಯೆಟ್ನಾಮಿನಲ್ಲಿ ಬೆಳೆ ಉಕ್ಕಿದ್ದು ದೊಡ್ಡ ಕಾರಣ, ಅಡ್ಡದಾರಿಯ ಆಮದು ಅದರ ಮೇಲೆ ಇನ್ನೊಂದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕೆಜಿಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು, ಅದಕ್ಕಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಬಾರದು ಅಂತ. ಸಂಸ್ಕರಿಸಿ ಮತ್ತೆ ರಫ್ತು ಮಾಡುವವರಿಗೆ ವಿನಾಯಿತಿ ಸಿಕ್ಕಿತು. ಬೆಳೆಗಾರರ ಹೋರಾಟಕ್ಕೆ ಸಿಕ್ಕ ನಿಜವಾದ ಗೆಲುವು ಅದು, ಅದನ್ನು ಗೌರವಿಸುತ್ತೇನೆ. ಆದರೆ ಒಂದು ಎಚ್ಚರಿಕೆ: 500 ಅನ್ನುವ ಅಂಕಿ ಅಲ್ಲೇ ನಿಂತಿದ್ದು ಜಗತ್ತಿನ ದರ ಅದನ್ನು ದಾಟಿ ಮೇಲೆ ಹೋದಾಗ ಆ ತಡೆ ಇದ್ದೂ ಇಲ್ಲದ ಹಾಗೆ. ಸಂಘಗಳು ಈಗ ಕೇಳಬೇಕಾದದ್ದು ಮೂಲದ ನಿಯಮದ ಕಟ್ಟುನಿಟ್ಟಾದ ತಪಾಸಣೆ. ಅದು ದರ ಏರಿದರೂ ಇಳಿದರೂ ಕೆಲಸಕ್ಕೆ ಬರುತ್ತದೆ.

ಕಾಫಿಯಲ್ಲಿ ನಿಯಮದ ಹೊಡೆತ ಬೇರೆ ಥರ. ಯುರೋಪಿನ ಸಾಮಾನ್ಯ ಸುಂಕದ ಪಟ್ಟಿ ನೋಡಿ: ಹುರಿಯದ ಬೀಜಕ್ಕೆ ಸೊನ್ನೆ, ಹುರಿದದ್ದಕ್ಕೆ ಶೇ 7.5, ಇನ್‌ಸ್ಟಂಟ್ ಪುಡಿಗೆ ಶೇ 9. ಬೀಜ ಕಳಿಸಿ, ಹುರಿದು ಕಳಿಸಬೇಡಿ ಅಂತ ಅರ್ಥ. ಒಂದು ಗಿಡವೂ ಬೆಳೆಯದ ಜರ್ಮನಿ ಕಾಫಿಯ ದೊಡ್ಡ ರಫ್ತುದಾರ ದೇಶವಾಗಿರುವುದು ಸುಮ್ಮನೆ ಅಲ್ಲ. ಬೀಜದಿಂದ ಲೋಟದವರೆಗಿನ ಹಾದಿಯಲ್ಲಿ ಹೆಚ್ಚು ದುಡ್ಡು ಇರುವುದು ಹುರಿಯುವ, ಹದಮಾಡುವ, ಹೆಸರು ಕಟ್ಟುವ ಕಡೆ. ಈ ಹಾದಿಯಲ್ಲಿ ಮುಂದೆ ಹೋಗಲು ದೊಡ್ಡ ಬಂಡವಾಳ ಬೇಕು. ಪೊಲ್ಲಿಬೆಟ್ಟದಲ್ಲಿ ಬೇರು ಬಿಟ್ಟ ಟಾಟಾ ಕಾಫಿ 2006ರಲ್ಲಿ ಅಮೆರಿಕದ ‘ಎಯ್ಟ್ ಓ ಕ್ಲಾಕ್’ ಕಾಫಿ ಕಂಪನಿಯನ್ನೇ ಕೊಂಡುಕೊಂಡಿತು, ಹಣ ಎರಡೂ ದಿಕ್ಕಿಗೆ ಹರಿಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಆರು ಎಕರೆಯವರು ಒಬ್ಬೊಬ್ಬರಾಗಿ ಇದನ್ನು ಮಾಡಲಾಗದು. ಹತ್ತಿಪ್ಪತ್ತು ಮನೆಯವರು ಕೂಡಿ ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿ, ಒಳ್ಳೆಯ ರೊಬಸ್ಟಾ ಪಾರ್ಚ್‌ಮೆಂಟ್ ತಯಾರಿಸಬಹುದು. ಭಾರತದ ತೊಳೆದ ರೊಬಸ್ಟಾಕ್ಕೆ ಲಂಡನ್ ದರದ ಮೇಲೆ ಪ್ರತ್ಯೇಕ ಹೆಚ್ಚುವರಿ ಸಿಗುತ್ತದೆ. ಬೆಲೆ ಸ್ವೀಕರಿಸುವವರಿಗೆ ಚೌಕಾಸಿಗೆ ಇರುವ ಜಾಗ ಅದೊಂದೇ.

ಇನ್ನೊಂದು ನಿಯಮವನ್ನು ಈಗಲೇ ಗಮನಿಸಿ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಯುರೋಪಿನ ಒಳಗೆ ಬಿಡುವುದಿಲ್ಲ ಅನ್ನುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದೆ. 2020ರ ಡಿಸೆಂಬರ್ 31ರ ನಂತರ ಅರಣ್ಯನಾಶವಾದ ಜಾಗದ ಕಾಫಿಗೆ ತಡೆ, ಪ್ರತಿ ತೋಟ ನಕ್ಷೆಯಲ್ಲಿ ಎಲ್ಲಿದೆ ಅನ್ನುವ ಗುರುತು (ಅಕ್ಷಾಂಶ, ರೇಖಾಂಶ) ಕೊಡಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗಿದೆ, ಕಾನೂನು ಹೋಗಿಲ್ಲ. ಕಾಡುಮರದ ನೆರಳಿನಲ್ಲಿ ಕಾಫಿ ಬೆಳೆಯುವ ಕೊಡಗಿಗೆ ಇದು ಬ್ರೆಜಿಲಿನ ಬಯಲು ತೋಟಗಳ ಎದುರು ಅನುಕೂಲವೇ ಆಗಬಹುದು. ಆದರೆ ಕಾಗದ ಸರಿಯಿರಬೇಕು. ಕೊಡಗಿನ ಹಳೆಯ ಹಿಡುವಳಿಗಳಾದ ಜಮ್ಮಾ, ಬಾಣೆ ಜಾಗಗಳ ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಕಾಫಿ ಬೋರ್ಡಿನ ಸ್ಥಳೀಯ ಕಚೇರಿಗೆ ಹೋಗಿ ನಿಮ್ಮ ತೋಟದ ನೋಂದಣಿ ಮಾಡಿಸಿಟ್ಟುಕೊಳ್ಳಿ. ಅಮೆರಿಕವನ್ನೂ ನೋಡಿ: 2025ರ ಆಗಸ್ಟಿನಲ್ಲಿ ಬ್ರೆಜಿಲಿನ ಕಾಫಿಗೆ ಶೇ 50 ಸುಂಕ ಹಾಕಿತು, ಅಲ್ಲಿನ ಅಂಗಡಿಯಲ್ಲಿ ದರ ಏರಿದಾಗ ನವೆಂಬರಿನಲ್ಲಿ ಕಾಫಿಯನ್ನು ಸುಂಕದಿಂದ ಹೊರಗಿಟ್ಟಿತು. ಬೆಳೆಯಲಾರದ ಬೆಳೆಗೆ ಸುಂಕ ಹಾಕಿದರೆ ಹೊರೆ ಕುಡಿಯುವವನ ತಲೆ ಮೇಲೆಯೇ.

ಕೊನೆಯ ಪ್ರಶ್ನೆ, ಇಟ್ಟುಕೊಳ್ಳಲೇ ಕೊಡಲೇ. ನಾಳಿನ ದರ ಇಷ್ಟಾಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ, ನನ್ನದನ್ನೂ ಸೇರಿಸಿ. ಆದರೆ ಕಾಲದ ಲೆಕ್ಕ ಹೇಳಬಹುದು. ವಿಯೆಟ್ನಾಮಿನ ಕುಯ್ಲು ಅಕ್ಟೋಬರ್ ಕೊನೆಯಿಂದ ಜನವರಿವರೆಗೆ, ಅದರ ಬೆನ್ನಿಗೇ ನಮ್ಮದು. ಬ್ರೆಜಿಲಿನದು ಏಪ್ರಿಲ್, ಮೇ ತಿಂಗಳಿಂದ. ಅಲ್ಲಿ ಹಿಮದ ಭಯ ಇರುವುದು ಜೂನಿನಿಂದ ಆಗಸ್ಟ್‌ವರೆಗೆ, ಬಿದ್ದರೆ ದರ ಹಾರುತ್ತದೆ, ಬೀಳದಿದ್ದರೆ ದೊಡ್ಡ ಫಸಲಿನ ಸುದ್ದಿಗೆ ಇಳಿಯುತ್ತದೆ. ಆ ಆಸೆಗೆ ಚೆರ್ರಿ ಇಟ್ಟುಕೊಂಡರೆ ನಾಪೋಕ್ಲಿನ ಮಳೆಗಾಲ ದಾಟಬೇಕು. ಆ ತೇವಕ್ಕೆ ಚೆರ್ರಿ ಬೂಸಲು ಹಿಡಿದರೆ, ಔಟ್‌ಟರ್ನ್ ಇಳಿದರೆ, ದರ ಏರಿದ್ದೂ ವ್ಯರ್ಥ. ಮೊದಲು ಎಕರೆಗೆ ನಿಮ್ಮ ಖರ್ಚು ಎಷ್ಟು ಅಂತ ಬರೆದು ಕೂಡಿಸಿ: ಕೂಲಿ, ಗೊಬ್ಬರ, ಮರಗಸಿ (ನೆರಳುಮರದ ಕೊಂಬೆ ಕಡಿಸುವುದು), ಸಾಲದ ಬಡ್ಡಿ. ಆ ಖರ್ಚು ಮತ್ತು ಬ್ಯಾಂಕಿನ ಕಂತು ಮುಗಿಯುವಷ್ಟು ಕಾಫಿಯನ್ನು ಕಣದಿಂದಲೇ ಕೊಟ್ಟುಬಿಡಿ. ಉಳಿದದ್ದನ್ನು ಎರಡು ಮೂರು ಸಲವಾಗಿ, ಮೇ ತಿಂಗಳು ಮುಗಿಯುವುದರೊಳಗೆ ಮಾರಿ. ಇಟ್ಟುಕೊಳ್ಳಲೇಬೇಕು ಅಂತಿದ್ದರೆ ಮೆಣಸನ್ನು ಇಟ್ಟುಕೊಳ್ಳಿ. ತೇವಾಂಶ ಶೇ 11ರ ಹತ್ತಿರ ಬರುವಂತೆ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಒಂದೆರಡು ವರ್ಷಕ್ಕೂ ಅದು ಕೆಡುವುದಿಲ್ಲ.